ಗಡಿ ದಾಟಿದ ಮಾತ್ರಕ್ಕೆ ಮದುವೆ ಕಳಚುವುದಿಲ್ಲ

ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದು ಬೆಂಗಳೂರಿನ ವಿಜಯನಗರದಲ್ಲಿ. ಅತ್ತೆ-ಮಾವನ ಜೊತೆಯಲ್ಲಿರುವ ಹೆಣ್ಣುಮಗಳು, ಗಂಡ ಸೇನೆಯಲ್ಲಿ ಹವಾಲ್ದಾರ. ಹೊರದೇಶದ ಡ್ಯೂಟಿಗೆಂದು ಹೋದವನು ಅಲ್ಲಿ ಇನ್ನೊಂದು ಮದುವೆ ಮಾಡಿಕೊಂಡಿದ್ದಾನೆಂಬ ಸುದ್ದಿ ನೆಂಟರ ಬಾಯಿಂದ ಬಂದಿದೆ. ಇನ್ನೊಂದು ಮನೆ ಕೆಂಗೇರಿಯಲ್ಲಿ. ಮಗ ಗಡಿಯಲ್ಲಿ ಸೈನಿಕ. ನರ್ಸ್ ಕೆಲಸಕ್ಕೆಂದು ಹೊರದೇಶಕ್ಕೆ ಹೋದ ಸೊಸೆ ಅಲ್ಲಿ ಬೇರೊಬ್ಬರನ್ನು ರಿಜಿಸ್ಟರ್ ಮದುವೆಯಾಗಿದ್ದಾಳೆ. ಎರಡೂ ಕಡೆ ವಿಚ್ಛೇದನದ ಅರ್ಜಿ ಕೂಡ ಬಿದ್ದಿಲ್ಲ.

ಇಂಥ ಮನೆಗಳವರು ಕೇಳುವ ಪ್ರಶ್ನೆಗಳು ಒಂದೇ. ನಮ್ಮ ಮದುವೆ ಮುಗಿದ ಹಾಗೆಯೇ? ಪೊಲೀಸ್ ಠಾಣೆಗೆ ಹೋಗಬೇಕೇ, ಯೂನಿಟ್ಟಿಗೆ ಬರೆಯಬೇಕೇ, ಕೋರ್ಟಿಗೆ ಹೋಗಬೇಕೇ? ಅಲ್ಲಿ ನಡೆದದ್ದಕ್ಕೆ ಇಲ್ಲಿ ಕೇಸು ನಡೆಯುತ್ತದೆಯೇ?

ಕಾನೂನಿನಲ್ಲಿ ಇವಕ್ಕೆಲ್ಲ ಉತ್ತರವಿದೆ. ಆದರೆ ಅದು ಒಂದೇ ಕಾಯ್ದೆಯಲ್ಲಿಲ್ಲ. ವಿವಾಹ ಕಾಯ್ದೆ, ಕ್ರಿಮಿನಲ್ ಕಾನೂನು, ಸೇನೆಯ ನಿಯಮ ಎಂದು ಹಂಚಿಹೋಗಿದೆ. ನೊಂದವರಿಗೆ ಬೇಕಾಗುವುದೂ ಮೂರು: ತಪ್ಪು ಮಾಡಿದವರಿಗೆ ಶಿಕ್ಷೆ, ಬದುಕಲು ಜೀವನಾಂಶ, ಮುರಿದ ಸಂಬಂಧದಿಂದ ಬಿಡುಗಡೆ. ಒಂದರ ಬೆನ್ನು ಹತ್ತಿ ಅವಸರದಲ್ಲಿ ಇಟ್ಟ ಹೆಜ್ಜೆ ಇನ್ನೊಂದನ್ನು ಕೈತಪ್ಪಿಸಬಹುದು. ಆದ್ದರಿಂದ ಯಾವ ದಾರಿಗಳಿವೆ ಎಂಬುದರ ಜೊತೆಗೆ ಯಾವುದನ್ನು ಮೊದಲು ಹಿಡಿಯಬೇಕು ಎಂಬುದನ್ನೂ ತಿಳಿಯಬೇಕು.

ಮೊದಲ ಮದುವೆ ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್ ಮದುವೆಗೆ ಇಡುವ ಮೊದಲ ಷರತ್ತೇ ಇದು: ಮದುವೆಯ ಹೊತ್ತಿಗೆ ಗಂಡಿಗಾಗಲಿ ಹೆಣ್ಣಿಗಾಗಲಿ ಜೀವಂತ ಸಂಗಾತಿ ಇರಬಾರದು. ಈ ಷರತ್ತು ಮುರಿದ ಮದುವೆ 11ನೇ ಸೆಕ್ಷನ್ ಪ್ರಕಾರ ಹುಟ್ಟುವಾಗಲೇ ಅಸಿಂಧು, 17ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹ. ಭಾರತದಲ್ಲಿ ಕಾಯಂ ನೆಲೆಯುಳ್ಳ ಹಿಂದೂಗಳು ಹೊರದೇಶದಲ್ಲಿದ್ದರೂ ಈ ಕಾಯ್ದೆ ಅವರಿಗೆ ಅನ್ವಯಿಸುತ್ತದೆ ಎಂದು ಅದರ ಮೊದಲ ಸೆಕ್ಷನ್ನೇ ಹೇಳಿದೆ. ದುಬೈಯಲ್ಲಿ ನಡೆಯಲಿ, ಲಂಡನ್ನಿನಲ್ಲಿ ನಡೆಯಲಿ, ಎರಡನೆಯ ಮದುವೆಯಿಂದ ಮೊದಲನೆಯದು ಕರಗುವುದಿಲ್ಲ. ಮೊದಲ ಹೆಂಡತಿ ಹೆಂಡತಿಯಾಗಿಯೇ, ಮೊದಲ ಗಂಡ ಗಂಡನಾಗಿಯೇ ಉಳಿಯುತ್ತಾರೆ.

ಮತಾಂತರವೂ ಇದನ್ನು ಬದಲಿಸದು. ಎರಡನೆಯ ಮದುವೆಗಾಗಿ ಇಸ್ಲಾಮಿಗೆ ಮತಾಂತರವಾದರೂ ಮೊದಲ ಹಿಂದೂ ಮದುವೆ ತಾನಾಗಿ ರದ್ದಾಗುವುದಿಲ್ಲ, ದ್ವಿವಿವಾಹದ ಅಪರಾಧ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರ ಸರಳಾ ಮುದ್ಗಲ್ ಪ್ರಕರಣದಲ್ಲಿ ಹೇಳಿ, 2000ದ ಲಿಲಿ ಥಾಮಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು.

'ನಮ್ಮ ಮದುವೆ ರಿಜಿಸ್ಟರ್ ಆಗಿಲ್ಲ' ಎಂದು ಹಲವರು ಎದೆಗುಂದುತ್ತಾರೆ. ನೋಂದಣಿ ಇಲ್ಲವೆಂಬ ಕಾರಣಕ್ಕೆ ಶಾಸ್ತ್ರೋಕ್ತವಾಗಿ ನಡೆದ ಮದುವೆ ಅಸಿಂಧುವಾಗುವುದಿಲ್ಲ. ಲಗ್ನಪತ್ರಿಕೆ, ಧಾರೆಯ ಫೋಟೊಗಳು, ಛತ್ರದ ರಸೀದಿ, ಪುರೋಹಿತರ ಮತ್ತು ನೆಂಟರ ಸಾಕ್ಷ್ಯ ಇವೆಲ್ಲ ಆಧಾರವಾಗುತ್ತವೆ. ಸೈನಿಕರ ವಿಷಯದಲ್ಲಿ ಇನ್ನೂ ಗಟ್ಟಿಯಾದ ದಾಖಲೆಯೊಂದಿದೆ. ಮದುವೆಯಾದ ಮೇಲೆ ಯೂನಿಟ್ ಹೊರಡಿಸುವ ಪಾರ್ಟ್ ಟೂ ಆರ್ಡರ್ ಮೂಲಕ ಹೆಂಡತಿಯ ಹೆಸರು ರೆಕಾರ್ಡ್ ಆಫೀಸಿನ ದಾಖಲೆಗೆ ಸೇರುತ್ತದೆ. ಡಿಪೆಂಡೆಂಟ್ ಕಾರ್ಡ್, ಕ್ಯಾಂಟೀನ್ ಕಾರ್ಡ್ ಕೂಡ ಅದನ್ನೇ ಅನುಸರಿಸುತ್ತವೆ.

'ಅಲ್ಲೇ ಡೈವೋರ್ಸ್ ಆಗಿದೆ' ಎಂದರೆ?

ಆರೋಪ ಹೊತ್ತವರು ಸಾಮಾನ್ಯವಾಗಿ ಮುಂದಿಡುವುದು ಹೊರದೇಶದ ಕೋರ್ಟಿನ ವಿಚ್ಛೇದನದ ಕಾಗದವನ್ನು. ಆ ಕಾಗದದ ಬೆಲೆ ಎಷ್ಟು ಎಂಬುದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ನರಸಿಂಹ ರಾವ್ ಪ್ರಕರಣದಲ್ಲಿ ತೀರ್ಮಾನಿಸಿದೆ. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಗಂಡ 1980ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೋರ್ಟೊಂದರಿಂದ ವಿಚ್ಛೇದನ ಪಡೆದು, 1981ರಲ್ಲಿ ಬೇರೆ ಮದುವೆಯಾಗಿದ್ದರು. ಹೆಂಡತಿ ದ್ವಿವಿವಾಹದ ಕ್ರಿಮಿನಲ್ ದೂರು ಕೊಟ್ಟರು. ಆ ವಿದೇಶಿ ತೀರ್ಪು ಗಂಡನಿಗೆ ರಕ್ಷಣೆ ಕೊಡಲಿಲ್ಲ.

ಕೋರ್ಟ್ ಹಾಕಿಕೊಟ್ಟ ಸೂತ್ರ ಇದು: ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನು ಒಪ್ಪುವ ಕೋರ್ಟು, ಆ ಕಾನೂನು ಒಪ್ಪುವ ಕಾರಣಕ್ಕೆ ಕೊಟ್ಟ ವಿಚ್ಛೇದನಕ್ಕೆ ಮಾತ್ರ ಇಲ್ಲಿ ಮಾನ್ಯತೆ. ಇದಕ್ಕೆ ಮೂರು ವಿನಾಯಿತಿಗಳಿವೆ. ಎದುರುಪಕ್ಷದವರು ಕಾಯಮ್ಮಾಗಿ ಆ ದೇಶದಲ್ಲೇ ನೆಲೆಸಿದ್ದು, ನಮ್ಮ ಕಾನೂನಿನಲ್ಲೂ ಇರುವ ಕಾರಣಕ್ಕೆ ವಿಚ್ಛೇದನ ಸಿಕ್ಕಿದ್ದರೆ. ಎದುರುಪಕ್ಷದವರು ಸ್ವಇಚ್ಛೆಯಿಂದ ಆ ಕೋರ್ಟಿಗೆ ಹಾಜರಾಗಿ ವಾದ ಮಾಡಿದ್ದು, ವಿಚ್ಛೇದನದ ಕಾರಣವೂ ನಮ್ಮ ಕಾನೂನಿನಲ್ಲಿರುವಂಥದ್ದೇ ಆಗಿದ್ದರೆ. ಅಥವಾ ವಿಚ್ಛೇದನಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದರೆ. ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದೊಂದೇ ಕಾರಣ ಅನೇಕ ವಿದೇಶಗಳಲ್ಲಿ ಸಾಕಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ.

ಇದರಿಂದ ಹೊರಡುವ ಎಚ್ಚರಿಕೆ ಬಹಳ ಮುಖ್ಯವಾದದ್ದು. ಹೊರದೇಶದ ಕೋರ್ಟಿನಿಂದ ನೋಟಿಸು ಬಂದರೆ ಅದನ್ನು ಬೀರುವಿನಲ್ಲಿಟ್ಟು ಮರೆಯಬೇಡಿ. ಓದದೆ ಸಹಿಯನ್ನೂ ಹಾಕಬೇಡಿ. ಸಹಿ ಒಪ್ಪಿಗೆಯಾಗಬಹುದು, ಹಾಜರಾಗಿ ವಾದ ಹೂಡಿದರೆ ಆ ಕೋರ್ಟಿನ ಅಧಿಕಾರವನ್ನು ಒಪ್ಪಿದಂತಾಗಬಹುದು. ಇಲ್ಲಿನ ವಕೀಲರಿಗೆ ತೋರಿಸಿ, 'ನಿಮ್ಮ ಅಧಿಕಾರವ್ಯಾಪ್ತಿಯನ್ನು ನಾನು ಒಪ್ಪುವುದಿಲ್ಲ' ಎಂಬ ಲಿಖಿತ ಉತ್ತರ ಕಳಿಸಬೇಕೇ ಎಂಬುದನ್ನು ಗಡುವಿನೊಳಗೆ ತೀರ್ಮಾನಿಸಿ.

ಕ್ರಿಮಿನಲ್ ಕೇಸು: ಠಾಣೆಯಲ್ಲಲ್ಲ, ಮ್ಯಾಜಿಸ್ಟ್ರೇಟರ ಮುಂದೆ

ದ್ವಿವಿವಾಹ ಹಳೆಯ ಭಾರತೀಯ ದಂಡ ಸಂಹಿತೆಯ 494ನೇ ಸೆಕ್ಷನ್ ಅಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಈಚೆಗೆ ನಡೆದ ಮದುವೆಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಅನ್ವಯಿಸುತ್ತದೆ. ಶಿಕ್ಷೆ 7 ವರ್ಷದವರೆಗಿನ ಜೈಲು ಮತ್ತು ದಂಡ. ಮೊದಲ ಮದುವೆಯನ್ನು ಮುಚ್ಚಿಟ್ಟು ಎರಡನೆಯವರನ್ನೂ ವಂಚಿಸಿದ್ದರೆ ಅದು 10 ವರ್ಷದವರೆಗೆ ಹೋಗುತ್ತದೆ.

ಆದರೂ ಠಾಣೆಗೆ ಹೋದವರು ಬರಿಗೈಯಲ್ಲಿ ಮರಳುವುದುಂಟು. ಪೊಲೀಸರಿಗೆ ಮನಸ್ಸಿಲ್ಲ ಎಂಬುದಷ್ಟೇ ಕಾರಣವಲ್ಲ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಲ್ಲ, ಜೊತೆಗೆ ಜಾಮೀನು ಸಿಗುವಂಥದ್ದು. ನೊಂದ ಸಂಗಾತಿಯ ಖಾಸಗಿ ದೂರಿನ ಮೇಲೆಯೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಇದನ್ನು ಕೈಗೆತ್ತಿಕೊಳ್ಳಬೇಕು. ಬೆಂಗಳೂರಿನ ವಕೀಲರು ಇದನ್ನೇ 'ಪಿಸಿಆರ್ ಹಾಕುವುದು' ಎನ್ನುತ್ತಾರೆ. ಹೆಂಡತಿಯ ಪರವಾಗಿ ಅವಳ ತಂದೆ, ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು, ತಂದೆಯ ಅಥವಾ ತಾಯಿಯ ಒಡಹುಟ್ಟಿದವರು ಕೂಡ ದೂರು ಕೊಡಬಹುದು. ಗಂಡನ ಕಡೆಯಿಂದ ಹಿಂಸೆ, ವರದಕ್ಷಿಣೆಯ ಕಿರುಕುಳವೂ ನಡೆದಿದ್ದರೆ ಅದು ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಅಡಿಯ ಬೇರೆಯೇ ಅಪರಾಧ. ಅದಕ್ಕೆ ಠಾಣೆಯಲ್ಲೇ ಎಫ್‌ಐಆರ್ ಆಗುತ್ತದೆ. ನಡೆಯದ ಹಿಂಸೆಯನ್ನು ಸೇರಿಸಿದರೆ ಮಾತ್ರ ನಿಜವಾದ ದೂರೂ ದುರ್ಬಲವಾಗುತ್ತದೆ.

ಕೇಸು ಎಲ್ಲಿ ಹಾಕಬೇಕು? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 202ನೇ ಸೆಕ್ಷನ್ ಇಲ್ಲಿ ಹೆಣ್ಣುಮಕ್ಕಳ ಕೈಹಿಡಿಯುತ್ತದೆ. ಅಪರಾಧ ನಡೆದ ಸ್ಥಳದ ಕೋರ್ಟಿನಲ್ಲಷ್ಟೇ ಅಲ್ಲ, ದಂಪತಿ ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಊರಿನಲ್ಲಿ, ಅಥವಾ ಎರಡನೆಯ ಮದುವೆಯಾದ ಮೇಲೆ ಮೊದಲ ಹೆಂಡತಿ ಕಾಯಮ್ಮಾಗಿ ನೆಲೆಸಿದ ಊರಿನಲ್ಲಿ ಕೂಡ ವಿಚಾರಣೆ ನಡೆಸಬಹುದು. ಬಸವೇಶ್ವರನಗರದ ತವರಿಗೆ ಬಂದು ನೆಲೆಸಿದವರು ಬೆಂಗಳೂರಿನಲ್ಲೇ ದೂರು ಕೊಡಬಹುದು.

ಮದುವೆ ಹೊರದೇಶದಲ್ಲಿ ನಡೆದಿದ್ದರೆ ಇನ್ನೊಂದು ಹಂತವಿದೆ. ಭಾರತೀಯ ಪ್ರಜೆ ಜಗತ್ತಿನಲ್ಲಿ ಎಲ್ಲಿಯೇ ಅಪರಾಧ ಮಾಡಿದರೂ ನಮ್ಮ ದಂಡ ಕಾನೂನು ಅವರನ್ನು ಮುಟ್ಟುತ್ತದೆ. ಆದರೆ ಸುರಕ್ಷಾ ಸಂಹಿತೆಯ 208ನೇ ಸೆಕ್ಷನ್ ಪ್ರಕಾರ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಅನುಮತಿ ಬರುವವರೆಗೆ ದೂರನ್ನೇ ಕೊಡುವಂತಿಲ್ಲ ಎಂದು ತಿಳಿದು ವರ್ಷಗಟ್ಟಲೆ ಕೂತವರಿದ್ದಾರೆ. ಇದೇ ವಿಷಯದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 188ನೇ ಸೆಕ್ಷನ್ ಕುರಿತು 2011ರಲ್ಲಿ ತೋಟ ವೆಂಕಟೇಶ್ವರಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಭಯ ನಿವಾರಿಸಿದೆ: ಕೋರ್ಟು ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಹಂತದವರೆಗೆ ಅನುಮತಿ ಬೇಕಿಲ್ಲ; ವಿಚಾರಣೆ ಶುರುವಾಗಲು ಬೇಕು. ದೂರು ಕೊಟ್ಟು, ಜೊತೆಜೊತೆಗೇ ಅನುಮತಿಗೆ ಅರ್ಜಿ ಹಾಕುವುದು ಸರಿಯಾದ ಕ್ರಮ. ಎದುರುಪಕ್ಷದವರು ಮದುವೆಗೆ ಮೊದಲೇ ಭಾರತದ ಪೌರತ್ವ ಬಿಟ್ಟುಕೊಟ್ಟಿದ್ದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆಗ ಆ ದೇಶದ ಕಾನೂನನ್ನೇ ನೋಡಬೇಕು.

ಪುರಾವೆಯಲ್ಲಿ ಬೀಳುವ ಕೇಸುಗಳು

ದ್ವಿವಿವಾಹದ ಕೇಸುಗಳು ಹೆಚ್ಚಾಗಿ ಸೋಲುವುದು ಎರಡನೆಯ ಮದುವೆಯನ್ನು ಸಾಬೀತು ಮಾಡುವಲ್ಲಿ. 1965ರ ಭಾವೂರಾವ್ ಲೋಖಂಡೆ ಪ್ರಕರಣದಿಂದ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿರುವುದು ಒಂದೇ ಮಾತು: ಎರಡನೆಯ ಮದುವೆಯೂ ವಿಧಿವತ್ತಾಗಿ ನಡೆದಿರಬೇಕು. ಜೊತೆಯಲ್ಲಿ ವಾಸವಿದ್ದಾರೆ, ಮಗುವಾಗಿದೆ ಎಂಬುದು ದಾಂಪತ್ಯದ್ರೋಹಕ್ಕೆ ಪುರಾವೆಯಾಗಬಹುದು, ದ್ವಿವಿವಾಹಕ್ಕೆ ಸಾಲದು.

ಈ ವಿಷಯದಲ್ಲಿ ಹೊರದೇಶದ ರಿಜಿಸ್ಟರ್ ಮದುವೆ ನೊಂದವರಿಗೆ ಅನುಕೂಲವೇ. ಸಪ್ತಪದಿ ನಡೆಯಿತೇ ಎಂದು ಸಾಕ್ಷಿ ಹುಡುಕಿ ಅಲೆಯಬೇಕಿಲ್ಲ. ಆ ದೇಶದ ನೋಂದಣಿ ಕಚೇರಿಯ ಪ್ರಮಾಣಪತ್ರವಿರುತ್ತದೆ. ಅದರ ದೃಢೀಕೃತ ನಕಲಿಗೆ ಆ ದೇಶದಲ್ಲೇ ಅಪೊಸ್ಟಿಲ್ ಮುದ್ರೆ ಹಾಕಿಸಬೇಕು. ದಾಖಲೆಗಳ ಮೇಲಿನ ಈ ದೃಢೀಕರಣ ಮುದ್ರೆಯನ್ನು ಪರಸ್ಪರ ಒಪ್ಪುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ.

ಫೇಸ್‌ಬುಕ್ ಫೋಟೊ, ವಾಟ್ಸ್‌ಆ್ಯಪ್ ಸಂದೇಶಗಳಿಗೂ ಬೆಲೆಯಿದೆ, ಆದರೆ ಬರೀ ಪ್ರಿಂಟ್ ತೆಗೆದುಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರ ಲಗತ್ತಿಸಬೇಕು. ಮೂಲ ಫೋನನ್ನು ಅಳಿಸದೆ, ಮಾರದೆ ಉಳಿಸಿಕೊಳ್ಳಿ. ಅವರ ಖಾತೆಯ ಪಾಸ್‌ವರ್ಡ್ ಮುರಿದು ಒಳಹೊಕ್ಕು ತೆಗೆದರೆ ಅದು ನಿಮ್ಮ ಮೇಲೆಯೇ ಕೇಸಾಗಿ ತಿರುಗಬಹುದು.

ಕೋರ್ಟುಗಳು ಇದನ್ನು ಸಣ್ಣ ತಪ್ಪೆಂದು ಬಿಟ್ಟುಬಿಡುತ್ತವೆ ಎಂಬ ಮಾತಿದೆ. ವಿಚ್ಛೇದನದ ಅರ್ಜಿ ಇನ್ನೂ ಬಾಕಿಯಿರುವಾಗಲೇ ಹೆಂಡತಿ ಬೇರೆ ಮದುವೆಯಾದ ಒಂದು ಪ್ರಕರಣದಲ್ಲಿ, ಕೋರ್ಟು ಏಳುವವರೆಗೆ ಕೂತಿರುವ ನಾಮಮಾತ್ರದ ಶಿಕ್ಷೆ ಸಾಲದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಕೆಗೂ ಎರಡನೆಯ ಗಂಡನಿಗೂ 6 ತಿಂಗಳ ಸಾದಾ ಸಜೆ ಕೊಟ್ಟಿತು. ಅವರ ಮಗು ಚಿಕ್ಕದಿದ್ದುದರಿಂದ ಒಬ್ಬರ ಸಜೆ ಮುಗಿದ ಮೇಲೆ ಇನ್ನೊಬ್ಬರು ಜೈಲಿಗೆ ಹೋಗುವಂತೆ ಏರ್ಪಾಡು ಮಾಡಿತು. ಶಿಕ್ಷೆಯಲ್ಲೂ ಮಗುವನ್ನು ಮರೆಯದ ಆ ತೀರ್ಪು ಈ ವಿಷಯವನ್ನು ನೋಡಬೇಕಾದ ಬಗೆಯನ್ನು ತೋರಿಸಿಕೊಟ್ಟಿದೆ.

ನೊಂದವರು ಸೈನಿಕರೇ ಆದರೆ

ಸಿಯಾಚಿನ್‌ನಲ್ಲೋ ಅರುಣಾಚಲದಲ್ಲೋ ಇರುವ ಸೈನಿಕನಿಗೆ ಬೆಂಗಳೂರಿನ ಕೋರ್ಟಿಗೆ ಬಂದು ದೂರು ಕೊಡಲು ರಜೆ ಸಿಗದೇ ಹೋಗಬಹುದು. ಕಾನೂನು ಇದನ್ನು ಮೊದಲೇ ಯೋಚಿಸಿದೆ. ಹೆಚ್ಚಿನವರಿಗೆ ತಿಳಿಯದ ಆ ಅವಕಾಶ ಸುರಕ್ಷಾ ಸಂಹಿತೆಯ 219ನೇ ಸೆಕ್ಷನ್ನಿನಲ್ಲಿದೆ. ಸೇನೆಯಲ್ಲಿರುವ ಗಂಡ ಬೇರೊಬ್ಬರಿಗೆ ಲಿಖಿತ ಅಧಿಕಾರ ಕೊಟ್ಟು ತನ್ನ ಪರವಾಗಿ ದೂರು ಕೊಡಿಸಬಹುದು. ಆರೋಪಗಳೇನೆಂದು ತನಗೆ ತಿಳಿಸಲಾಗಿದೆ ಎಂಬ ಹೇಳಿಕೆ, ಗಂಡನ ಸಹಿ, ಕಮಾಂಡಿಂಗ್ ಆಫೀಸರ್ ಅವರ ಮೇಲುಸಹಿ, ಸದ್ಯಕ್ಕೆ ರಜೆ ಕೊಡಲಾಗದು ಎಂಬ ಅವರದೇ ಪ್ರಮಾಣಪತ್ರ ಈ ನಾಲ್ಕೂ ಇರಬೇಕು. ಕೆಂಗೇರಿಯಲ್ಲಿರುವ ತಂದೆಯೋ ಅಣ್ಣನೋ ಆ ಕಾಗದ ಹಿಡಿದು ದೂರು ಸಲ್ಲಿಸಬಹುದು.

ಸಿವಿಲ್ ಕೇಸುಗಳಲ್ಲಿ 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ಇದೆ. ಯುದ್ಧದಂಥ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವ ಸೈನಿಕನ ಬೆನ್ನಹಿಂದೆ ಕೇಸು ನಡೆದುಹೋಗದಂತೆ ಅದು ತಡೆಯುತ್ತದೆ, ಆ ಸೇವೆಯ ಕಾಲವನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತದೆ. ಸೈನಿಕನ ಮೇಲೆ ಕೇಸು ಹಾಕುವ ಹೆಂಡತಿಯೂ ಇದನ್ನು ತಿಳಿದಿರಬೇಕು. ತಡವಾಗುವುದಕ್ಕೆ ಎದುರುಪಕ್ಷದ ಆಟವೇ ಕಾರಣವಾಗಿರಬೇಕಿಲ್ಲ.

ತಪ್ಪು ಮಾಡಿದವರು ಸೈನಿಕರಾದರೆ

ಇಲ್ಲಿ ಸೇನೆಯೇ ಒಂದು ದೊಡ್ಡ ಬಾಗಿಲು. ಭೂಸೇನೆಯ ನಿಯಮಾವಳಿಯ 333ನೇ ಪ್ಯಾರಾ ಬಹುಪತ್ನಿತ್ವವನ್ನೇ ಕುರಿತದ್ದು. ಯಾವ ಮೂಲದಿಂದ ದೂರು ಬಂದರೂ ತನಿಖೆ ಮಾಡಬೇಕು. ನಿಜವೆಂದು ಕಂಡರೆ ಸಾಮಾನ್ಯವಾಗಿ ಕೋರ್ಟ್ ಮಾರ್ಷಲ್ ಬದಲು ಸೇವೆಯಿಂದಲೇ ತೆಗೆಯುವ ಆಡಳಿತಾತ್ಮಕ ಕ್ರಮ ಕೈಗೊಳ್ಳುತ್ತಾರೆ. ನೌಕಾಪಡೆ, ವಾಯುಪಡೆಗಳಲ್ಲೂ ಎರಡನೆಯ ಮದುವೆಗೆ ನಿರ್ಬಂಧವಿದೆ. ದಾಂಪತ್ಯದ್ರೋಹ ಈಗ ಕ್ರಿಮಿನಲ್ ಅಪರಾಧವಲ್ಲ, 2018ರಲ್ಲಿ ಅದು ರದ್ದಾಗಿದೆ. ಆದರೂ ಸೇನೆ ತನ್ನ ಶಿಸ್ತಿನ ನಿಯಮದಡಿ ಅದಕ್ಕೆ ಕ್ರಮ ಜರುಗಿಸಬಹುದು ಎಂದು 2023ರ ಜನವರಿಯಲ್ಲಿ ಸಂವಿಧಾನ ಪೀಠ ಸ್ಪಷ್ಟಪಡಿಸಿದೆ.

ಇಲ್ಲಿಯೇ ಅವಸರ ಹೆಚ್ಚು ಹಾನಿ ಮಾಡುವುದು. ಗಂಡ ನೌಕರಿ ಕಳೆದುಕೊಂಡರೆ ಸಂಬಳ ನಿಲ್ಲುತ್ತದೆ, ಪಿಂಚಣಿಗೂ ಕುತ್ತು ಬರಬಹುದು. ಆ ಸಂಬಳದಿಂದಲೇ ಬರಬೇಕಿದ್ದ ಜೀವನಾಂಶ, ಮಕ್ಕಳ ಓದು, ಮಿಲಿಟರಿ ಆಸ್ಪತ್ರೆಯ ಸೌಲಭ್ಯಕ್ಕೂ ಪೆಟ್ಟು ಬೀಳುತ್ತದೆ. ಶಿಕ್ಷೆ ಬೇಡವೆಂದು ಹೇಳುತ್ತಿಲ್ಲ. ಅನ್ನದ ದಾರಿ ಗಟ್ಟಿಯಾದ ಮೇಲೆ ಆ ದೂರು ಹೋಗಲಿ ಎಂಬುದಷ್ಟೇ ಮಾತು.

ಅನ್ನದ ದಾರಿಯೂ ಸೇನೆಯೊಳಗೇ ಇದೆ. 1950ರ ಸೇನಾ ಕಾಯ್ದೆಯ 90 ಮತ್ತು 91ನೇ ಸೆಕ್ಷನ್‌ಗಳು ಹೆಂಡತಿ-ಮಕ್ಕಳ ಪೋಷಣೆಗೆ ಸಂಬಳದಿಂದ ಕಡಿತ ಮಾಡಲು ಅಧಿಕಾರ ಕೊಡುತ್ತವೆ. ಹೆಂಡತಿ ಕಮಾಂಡಿಂಗ್ ಆಫೀಸರ್ ಅವರಿಗೆ ಅರ್ಜಿ ಬರೆಯಬೇಕು. ಗಂಡನಿಗೆ ನೋಟಿಸು ಕೊಟ್ಟು, ಉತ್ತರ ಪಡೆದು, ಮೇಲಿನ ಅಧಿಕಾರಿಗಳು ಆದೇಶ ಮಾಡುತ್ತಾರೆ. ಹೆಂಡತಿ-ಮಕ್ಕಳೆಲ್ಲರಿಗೂ ಸೇರಿ ಇದರ ಗರಿಷ್ಠ ಮಿತಿ ಶೇ. 33. ಸೈನಿಕನ ಸಂಬಳವನ್ನು ಸಿವಿಲ್ ಕೋರ್ಟಿನ ಡಿಕ್ರಿಗಾಗಿ ಜಪ್ತಿ ಮಾಡುವುದಕ್ಕೆ ಅದೇ ಕಾಯ್ದೆಯ 28ನೇ ಸೆಕ್ಷನ್ ಅಡ್ಡಿಯಿರುವುದರಿಂದ ಈ ಒಳದಾರಿಗೆ ಇನ್ನಷ್ಟು ಮಹತ್ವ.

ಜೀವನಾಂಶ, ಮನೆ, ಬಿಡುಗಡೆ

ಸೇನೆಯ ಆದೇಶಕ್ಕೆ ಕಾಯುತ್ತ ಕೋರ್ಟನ್ನು ಮರೆಯಬೇಕಿಲ್ಲ. ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್, ಅಂದರೆ ಹಳೆಯ ಸಂಹಿತೆಯ 125, ಅಡಿಯಲ್ಲಿ ಹೆಂಡತಿ ತಾನಿರುವ ಊರಿನಲ್ಲೇ ಜೀವನಾಂಶ ಕೇಳಬಹುದು. ಇಬ್ಬರೂ ತಮ್ಮ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು ಎಂದು 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ತಡವಾದಷ್ಟು ಕಳೆದುಕೊಳ್ಳುವುದು ಹೆಂಡತಿಯೇ.

'ನಮ್ಮ ಮಗನೇ ನಿನ್ನನ್ನು ಬಿಟ್ಟ ಮೇಲೆ ಈ ಮನೆಯಲ್ಲಿ ನಿನಗೇನು ಕೆಲಸ?' ಎಂಬ ಮಾತು ಬಂದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನೆರವಿಗಿದೆ. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ಅದು ಹಂಚಿಕೊಂಡು ಬಾಳಿದ ಮನೆ ಎನಿಸಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಗೆ ಹಾಕುವಂತಿಲ್ಲ.

ಬಿಡುಗಡೆ ಬೇಕೆನ್ನುವವರಿಗೆ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ದಾಂಪತ್ಯದ್ರೋಹ, ಕ್ರೌರ್ಯ, ಎರಡು ವರ್ಷದ ಪರಿತ್ಯಾಗ ಈ ಮೂರೂ ಕಾರಣಗಳಿವೆ. ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಿನವರಿಗೆ ಅದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯ. ವಿಚ್ಛೇದನ ಬೇಡ, ಎರಡನೆಯ ಮದುವೆ ಅಸಿಂಧು ಎಂಬ ಘೋಷಣೆ ಮಾತ್ರ ಸಾಕು ಎನ್ನುವವರಿಗೂ ಅಲ್ಲಿ ದಾರಿಯಿದೆ. 11ನೇ ಸೆಕ್ಷನ್ ಅಡಿ ಆ ಮದುವೆಯ ಪಕ್ಷಗಾರರು ಮಾತ್ರ ಅರ್ಜಿ ಹಾಕಬಹುದಾದ್ದರಿಂದ, ಮೊದಲ ಸಂಗಾತಿ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಘೋಷಣೆಯ ದಾವೆ ಹೂಡಬೇಕು.

ಮಾತುಕತೆಯಿಂದ ಬಗೆಹರಿಸಿಕೊಳ್ಳುವುದೂ ಸೋಲಲ್ಲ. ದ್ವಿವಿವಾಹದ ಕೇಸನ್ನು ಕೋರ್ಟಿನ ಅನುಮತಿಯೊಂದಿಗೆ ರಾಜಿ ಮಾಡಿಕೊಳ್ಳಬಹುದು. ಶಾಶ್ವತ ಜೀವನಾಂಶ, ಮಕ್ಕಳ ಹೊಣೆ, ಒಡವೆ-ವಸ್ತು ಎಲ್ಲವೂ ಬರಹದಲ್ಲಿ ನಿಗದಿಯಾಗಿ, ಹಣ ಕೈಸೇರಿದ ಮೇಲೆ ಒಪ್ಪಂದದ ವಿಚ್ಛೇದನಕ್ಕೆ ಹೋಗುವುದು ಅನೇಕರಿಗೆ ನೆಮ್ಮದಿಯ ದಾರಿ.

ಪಿಂಚಣಿ ಮತ್ತು ಮಕ್ಕಳು

ಕುಟುಂಬ ಪಿಂಚಣಿ ಸಿಗುವುದು ಕಾನೂನುಬದ್ಧ ಹೆಂಡತಿಗೆ. ಅಸಿಂಧು ಮದುವೆಯ ಎರಡನೆಯ ಹೆಂಡತಿಗೆ ಅದರ ಹಕ್ಕಿಲ್ಲ. ಆದರೆ ವಿಮೆ, ನಿಧಿಗಳ ನಾಮಿನಿ ಹೆಸರು ಬದಲಾಗಿರಬಹುದು. ಆದ್ದರಿಂದ ಮದುವೆಯ ದಾಖಲೆಗಳ ನಕಲಿನೊಂದಿಗೆ ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ಡ್ ಪತ್ರ ಬರೆದು, ಕೋರ್ಟಿನಲ್ಲಿ ವ್ಯಾಜ್ಯವಿದೆ ಎಂದು ದಾಖಲಿಸಿ.

ಎರಡನೆಯ ಸಂಬಂಧದಲ್ಲಿ ಮಗು ಹುಟ್ಟಿದ್ದರೆ ಆ ಮಗುವಿನ ಮೇಲೆ ಸಿಟ್ಟು ಸಲ್ಲದು. ಕಾನೂನೂ ಅದನ್ನು ಒಪ್ಪುವುದಿಲ್ಲ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಅಸಿಂಧು ಮದುವೆಯ ಮಕ್ಕಳಿಗೂ ತಂದೆ-ತಾಯಿಯ ಆಸ್ತಿಯಲ್ಲಿ, ಅವಿಭಕ್ತ ಕುಟುಂಬದಲ್ಲಿ ಆ ತಂದೆ-ತಾಯಿಗೆ ಬರಬೇಕಿದ್ದ ಪಾಲೂ ಸೇರಿ, ಹಕ್ಕಿದೆ ಎಂದಿತು. ಎರಡನೆಯ ಹೆಂಡತಿಯೂ ಹಲವು ಸಲ ಮೋಸ ಹೋದವಳೇ. ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಅವಳೂ ದೂರು ಕೊಡಬಹುದು ಎಂದು 2011ರ ಸುಭಾಷ್ ಬಾಬು ಪ್ರಕರಣದಲ್ಲಿ ತೀರ್ಮಾನವಾಗಿದೆ. ಕೆಲವು ಪ್ರಕರಣಗಳಲ್ಲಿ ಮೊದಲ ಹೆಂಡತಿಗೆ ಸಿಗುವ ಅತ್ಯುತ್ತಮ ಸಾಕ್ಷಿ ಅವಳೇ.

ಬೇರೆ ಧರ್ಮ, ಬೇರೆ ದೇಶದ ಸೇನೆ

ಹಿಂದೂ ವಿವಾಹ ಕಾಯ್ದೆ ಜೈನರು, ಬೌದ್ಧರು, ಸಿಖ್ಖರು, ಲಿಂಗಾಯತರಿಗೂ ಅನ್ವಯಿಸುತ್ತದೆ. ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ವಿಚ್ಛೇದನದ ಕಾಯ್ದೆ ಬೇರೆಯಾದರೂ ದ್ವಿವಿವಾಹ ಅಪರಾಧವೇ. ಮುಸ್ಲಿಂ ಪುರುಷನ ಎರಡನೆಯ ಮದುವೆ ಸಾಮಾನ್ಯವಾಗಿ ಈ ಅಪರಾಧದ ವ್ಯಾಪ್ತಿಗೆ ಬರುವುದಿಲ್ಲ; ಮೊದಲ ಹೆಂಡತಿ ಜೀವನಾಂಶ ಕೇಳಬಹುದು, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ಬಿಡುಗಡೆಯನ್ನೂ ಪಡೆಯಬಹುದು.

ಸಂಗಾತಿ ಅಮೆರಿಕದ ಸೇನೆ ಸೇರಿದ್ದರೆ, ಅಲ್ಲಿನ ಸೇನಾ ನ್ಯಾಯ ಸಂಹಿತೆಯ 134ನೇ ವಿಧಿಯಡಿ ದ್ವಿವಿವಾಹ ಶಿಕ್ಷಾರ್ಹ. ಕುಟುಂಬವನ್ನು ಪೋಷಿಸದ ಯೋಧರ ಬಗ್ಗೆ ಅಲ್ಲಿಯೂ ಕಮಾಂಡರ್‌ಗೆ ದೂರು ಬರೆಯುವ ನಿಯಮವಿದೆ. ಇಂಗ್ಲೆಂಡಿನಲ್ಲಿ 1861ರ ಕಾಯ್ದೆಯಂತೆ ದ್ವಿವಿವಾಹಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. 'ನನಗೆ ಮದುವೆಯಾಗಿಲ್ಲ' ಎಂದು ಸುಳ್ಳು ಬರೆದುಕೊಟ್ಟು ಪಡೆದ ವೀಸಾ ಆ ದೇಶದಲ್ಲೇ ರದ್ದಾಗಬಹುದು.

ಎಲ್ಲಿಂದ ಶುರು ಮಾಡಬೇಕು?

ಕಾಗದದಿಂದ. ಮದುವೆ ನೋಂದಣಿಯಾಗಿದ್ದರೆ ರಾಜಾಜಿನಗರವೋ ವಿಜಯನಗರವೋ ಕೆಂಗೇರಿಯೋ, ಯಾವ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಯಿತೋ ಅಲ್ಲಿಂದ ದೃಢೀಕೃತ ನಕಲು ಪಡೆಯಿರಿ. ಸೈನಿಕರ ಸರ್ವಿಸ್ ನಂಬರ್, ಯೂನಿಟ್, ಪಾಸ್‌ಪೋರ್ಟ್ ವಿವರ, ಬ್ಯಾಂಕ್ ವರ್ಗಾವಣೆಯ ದಾಖಲೆ ಜೋಡಿಸಿ. ನಂತರ ಜೀವನಾಂಶದ ಅರ್ಜಿ. ಆಮೇಲೆ ಎರಡನೆಯ ಮದುವೆಯ ಪುರಾವೆ ಕೈಗೆ ಬಂದಂತೆ ಖಾಸಗಿ ದೂರು, ಯೂನಿಟ್ಟಿಗೆ ದೂರು, ವಿಚ್ಛೇದನ ಇವುಗಳಲ್ಲಿ ಯಾವುದು ಬೇಕೆಂಬ ತೀರ್ಮಾನ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. 'ಅವರೇ ಮಾಡಿಕೊಂಡ ಮೇಲೆ ನನಗೇನು' ಎಂದು ವಿಚ್ಛೇದನವಿಲ್ಲದೆ ನೀವೂ ಮರುಮದುವೆಯಾದರೆ ಅದೇ ಸೆಕ್ಷನ್ ನಿಮ್ಮ ಮೇಲೂ ಬೀಳುತ್ತದೆ. ವಿಚ್ಛೇದನದ ತೀರ್ಪು ಬಂದ ಮೇಲೂ 90 ದಿನಗಳ ಮೇಲ್ಮನವಿ ಅವಧಿ ಮುಗಿಯಲಿ.

ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಹಕ್ಕು, ಸಹಾಯವಾಣಿ 15100. ಸೈನಿಕರಿಗೆ, ಅವರ ಕುಟುಂಬಗಳಿಗೆಂದೇ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಆರಂಭವಾಗಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರ ತೆರೆಯುವುದು ಅದರ ಉದ್ದೇಶ. ಹೊರದೇಶದ ಗಂಡ ಕೈಬಿಟ್ಟ ಹೆಣ್ಣುಮಕ್ಕಳ ದೂರುಗಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ಘಟಕವಿದೆ.

ಇಷ್ಟೆಲ್ಲ ಇದ್ದೂ ಮುಖ್ಯ ಕೊರತೆ ಉಳಿದಿದೆ. ಅನಿವಾಸಿಗಳ ಮದುವೆಗಳಿಗೆ ಪ್ರತ್ಯೇಕ ಕಾನೂನು ಬೇಕೆಂದು ಸುಪ್ರೀಂ ಕೋರ್ಟ್ 1994ರಲ್ಲೇ ನೀರಜಾ ಸರಾಫ್ ಪ್ರಕರಣದಲ್ಲಿ ಸೂಚಿಸಿತ್ತು. 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2024ರ ಫೆಬ್ರವರಿಯಲ್ಲಿ ಕೊಟ್ಟ 287ನೇ ವರದಿ ಸಮಗ್ರ ಕೇಂದ್ರ ಕಾನೂನು, ಕಡ್ಡಾಯ ನೋಂದಣಿ, ಪಾಸ್‌ಪೋರ್ಟಿನಲ್ಲಿ ವೈವಾಹಿಕ ಸ್ಥಿತಿಯ ನಮೂದು ಶಿಫಾರಸು ಮಾಡಿದೆ. ಸಂಗಾತಿಯ ಹೆಸರು ಪಾಸ್‌ಪೋರ್ಟಿಗೆ ಜೋಡಣೆಯಾದರೆ ಹೊರದೇಶದಲ್ಲಿ ಅವಿವಾಹಿತನೆಂದು ಸುಳ್ಳು ಹೇಳುವುದೇ ಕಷ್ಟವಾಗುತ್ತದೆ. ಈ ವರದಿಯನ್ನು ಕಾನೂನಾಗಿಸಲು ನಮ್ಮ ಸಂಸದರು ಸಂಸತ್ತಿನಲ್ಲಿ ದನಿ ಎತ್ತಬೇಕು. ಅಲ್ಲಿಯವರೆಗೆ ಮದುವೆಯನ್ನು ನೋಂದಾಯಿಸುವುದು, ದಾಖಲೆಗಳನ್ನು ಜೋಪಾನವಾಗಿಡುವುದು, ಸುದ್ದಿ ತಿಳಿದ ಕೂಡಲೇ ಕಾನೂನು ನೆರವು ಕೇಳುವುದು ನಮ್ಮ ಕೈಯಲ್ಲೇ ಇದೆ. ಅದನ್ನು ನಾಳೆಗೆಂದು ಮುಂದೂಡಬೇಡಿ.